ಒಂದು ಕುಳಿಗೆ ಮೂರು ಉಸಿರು

ಉಸಿರು ಅಳೆಯುವ ಕೋಣೆ ಆಸ್ಪತ್ರೆಯ ಎರಡನೇ ಮಹಡಿಯಲ್ಲಿತ್ತು. ಉಸಿರು ಸಾಲದವರಿಗೆಂದೇ ಇರುವ ಕೋಣೆಯನ್ನು ನಲವತ್ತೆರಡು ಮೆಟ್ಟಿಲ ಮೇಲೆ ಇಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಗಣಿಯಲ್ಲಿ ದುಡಿದವರು ಹತ್ತಿ ಬರುವಷ್ಟರಲ್ಲಿ ಅರ್ಧ ಪರೀಕ್ಷೆ ಮೆಟ್ಟಿಲ ಮೇಲೇ ಮುಗಿದಿರುತ್ತಿತ್ತು. ಅದಕ್ಕೇ ಅಲ್ಲಿಯ ಯಂತ್ರ ನೋಡಿಕೊಳ್ಳುವಾಕೆ ಬಂದವರನ್ನು ಮೊದಲು ಅರ್ಧ ಗಂಟೆ ಬೆಂಚಿನ ಮೇಲೆ ಸುಮ್ಮನೆ ಕೂರಿಸುತ್ತಿದ್ದಳು. ಆಮೇಲೆ ಒಳಗೆ ಕರೆದು, ರಟ್ಟಿನ ಕೊಳವೆ ಬಾಯಿಗೆ ಕೊಟ್ಟು, “ಊದಿ, ಊದಿ, ಇನ್ನೂ ಇದೆ, ಬಿಡಬೇಡಿ, ಊದಿ” ಎಂದು ಕೂಗಲು ಶುರುಮಾಡಿದರೆ ಕೆಳಗೆ ಔಷಧಿ ಕೊಡುವ ಕಿಟಕಿಯವರೆಗೂ ಕೇಳಿಸುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಇದೇ ಕೂಗು. ಹಾಗಾಗಿ ಅವಳ ಸ್ವಂತ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಉಳಿದು, ಊರಿಗೆಲ್ಲ ಅವಳು ಊದಕ್ಕ ಆಗಿದ್ದಳು. ಮನೆಯಲ್ಲಿ ಗಂಡನೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದ.

ಆ ಬೆಳಿಗ್ಗೆ ಬೆಂಚಿನ ಮೇಲೆ ಕೂತಿದ್ದವರು ಗಂಡ ಹೆಂಡತಿ. ಯಜಮಾನರಿಗೆ ಅರವತ್ತೆಂಟು. ಮೂವತ್ತೊಂದು ವರ್ಷ ನೆಲದಡಿಯಲ್ಲಿ ಬಂಡೆಗೆ ಕುಳಿ ಕೊರೆದವರು. ಕುಳಿ ಅಂದರೆ ಸಿಡಿಮದ್ದು ತುಂಬುವುದಕ್ಕೆ ಬಂಡೆಯೊಳಗೆ ಕೊರೆಯುವ ತೋಳುದ್ದದ ತೂತು. ಈಗ ಅವರು ಕೂತಲ್ಲೇ ಎರಡೂ ಮೊಣಕೈಯನ್ನು ತೊಡೆಗೆ ಊರಿ, ಬಾಗಿ, ತುಟಿ ಮುಂದೆ ಮಾಡಿ, ಬಿಸಿ ಗಂಜಿ ಆರಿಸುವವರ ಹಾಗೆ ಸಣ್ಣಗೆ ಉಸಿರು ಬಿಡುತ್ತಿದ್ದರು. ಪಕ್ಕದಲ್ಲಿ ಹೆಂಡತಿ, ಮಡಿಲಲ್ಲಿ ಒಂದು ಬಟ್ಟೆ ಚೀಲ, ಚೀಲದಲ್ಲಿ ಎಕ್ಸ್‌ರೇ.

ಊದಕ್ಕನಿಗೆ ಅವರ ಫೈಲು ಬಾಯಿಪಾಠವಾಗಿತ್ತು. ಗಣಿ ಧೂಳಿನಿಂದ ಎದೆ ಕೆಟ್ಟವರಿಗೆ ಕಾರ್ಮಿಕರ ಮಂಡಳಿಯವರು ಸಾಯುವ ತನಕ ಪಿಂಚಣಿ ಕೊಡುತ್ತಾರೆ, ಮನೆಗೊಂದು ಆಮ್ಲಜನಕದ ಯಂತ್ರ ಕೊಡುತ್ತಾರೆ. ಹಾಗಂತ ಕೆಮ್ಮಿ ತೋರಿಸಿದರೆ ಕೊಡುವುದಿಲ್ಲ. ಎಕ್ಸ್‌ರೇಯನ್ನು ಇಬ್ಬರು ಡಾಕ್ಟರು ಬೇರೆ ಬೇರೆ ಕೂತು ಓದಬೇಕು, ಇಬ್ಬರೂ ಒಂದೇ ಮಾತು ಹೇಳಬೇಕು. ಈ ಯಜಮಾನರ ಎಕ್ಸ್‌ರೇ ನೋಡಿ ಒಬ್ಬರು ಕಲ್ಲಿನ ಧೂಳು ಅಂದರು, ಇನ್ನೊಬ್ಬರು ಯಾವ ಕಾಲದ್ದೋ ಕ್ಷಯದ ಕಲೆ ಅಂದರು. ಹಾಗೆ ಭಿನ್ನ ಬಂದರೆ ಉಸಿರಿನ ಪರೀಕ್ಷೆಯೇ ತೀರ್ಮಾನ. ಎದೆ ತುಂಬ ಎಳೆದುಕೊಂಡು, ಇದ್ದದ್ದನ್ನೆಲ್ಲ ಒಂದೇ ಸಲಕ್ಕೆ ಊದಬೇಕು. ಅದೇ ವಯಸ್ಸಿನ, ಅದೇ ಎತ್ತರದ ಗಟ್ಟಿ ಮನುಷ್ಯ ಊದುವುದರಲ್ಲಿ ನೂರಕ್ಕೆ ಅರವತ್ತಕ್ಕಿಂತ ಕಡಿಮೆ ಬಂದರೆ ಸೌಲಭ್ಯ ಉಂಟು, ಅರವತ್ತು ದಾಟಿದರೆ ಇಲ್ಲ. ಅದೂ ಒಂದು ಸಲ ಊದಿದರೆ ಆಗದು. ಮೂರು ಸಲ ಊದಬೇಕು, ಮೂರಕ್ಕೂ ನಡುವೆ ಒಂದು ಲೋಟ ಗಾಳಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಇದ್ದರೆ ಆ ಲೆಕ್ಕವನ್ನು ಮಂಡಳಿ ಕಣ್ಣೆತ್ತಿಯೂ ನೋಡುವುದಿಲ್ಲ.

ಯಜಮಾನರು ಇದಕ್ಕೆ ಮುಂಚೆ ಎರಡು ಸಲ ಬಂದು ಹೋಗಿದ್ದರು. ಒಂದೇ ದಿನದಲ್ಲಿ ಒಂದು ಊದು ನಲವತ್ತನಾಲ್ಕು, ಇನ್ನೊಂದು ಐವತ್ತೈದು, ಮತ್ತೊಂದು ನಲವತ್ತೊಂಬತ್ತು. ಒಂದಕ್ಕೊಂದು ತಾಳೆಯೇ ಇಲ್ಲ. ಎರಡೂ ಸಲ ಮಂಡಳಿಯ ಡಾಕ್ಟರು ಕೆಳಗೆ ಒಂದೇ ಷರಾ ಬರೆದಿದ್ದರು: “ಪರೀಕ್ಷೆಗೆ ಬಂದಿದ್ದಾರೆ, ಆದರೆ ಮನಸ್ಸಿಟ್ಟು ಊದಿಲ್ಲ.” ಏನೇ ಬರೆದರೂ ನಡುವೆ ಒಂದು “ಆದರೆ” ಇಡದಿದ್ದರೆ ಆ ಡಾಕ್ಟರಿಗೆ ಪೆನ್ನು ಓಡುತ್ತಿರಲಿಲ್ಲ. ಹಾಗಾಗಿ ಆಸ್ಪತ್ರೆಯವರೆಲ್ಲ ಬೆನ್ನ ಹಿಂದೆ ಅವರನ್ನು “ಆದರೆ ಡಾಕ್ಟರು” ಅನ್ನುತ್ತಿದ್ದರು. ಕೆಟ್ಟವರಲ್ಲ. ಒಮ್ಮೆ ಕನಿಕರಪಟ್ಟು ಸಹಿ ಹಾಕಿದ ಫೈಲು ಮೇಲಿನ ಕಚೇರಿಯಿಂದ ವಾಪಸ್ ಬಂದು, ಅವರ ಮಾನದ ಜೊತೆ ಆ ರೋಗಿಯದೂ ಹೋಗಿತ್ತು. ಅಂದಿನಿಂದ ಬಿಗಿ.

ಇವತ್ತಿನದು ಮೂರನೇ ಸಲ, ಕೊನೆಯ ಸಲ. ಇವತ್ತೂ ತಾಳೆಯಾಗದಿದ್ದರೆ ಫೈಲು ಮುಚ್ಚಿತು. ಮುಚ್ಚಿದ ಫೈಲನ್ನು ಮಂಡಳಿ ಮತ್ತೆ ತೆರೆಯುವುದಿಲ್ಲ.

ಅರ್ಧ ಗಂಟೆ ಕಳೆಯುವ ಮುಂಚೆಯೇ ಹೆಂಡತಿ ಒಬ್ಬರೇ ಎದ್ದು ಒಳಗೆ ಬಂದರು. ಬಾಗಿಲನ್ನು ಹಿಂದಿನಿಂದ ಮೆಲ್ಲಗೆ ದೂಡಿದರು.

“ಅಕ್ಕಾ, ಒಂದು ಮಾತು. ನೀನು ತಪ್ಪು ತಿಳ್ಕೋಬಾರದು.”

“ಹೇಳಿ ಅಮ್ಮ.”

“ಹೊರಗೆ ಬೆಂಚಿನ ಮೇಲೆ ಒಬ್ಬರು ಸಿಕ್ಕಿದ್ರು. ಜೋರಾಗಿ ಊದಿದ್ರೆ ಅರವತ್ತು ದಾಟಿಬಿಡುತ್ತೆ, ಮೆಲ್ಲಗೆ ಊದಿಸಿ ಅಂತಾರೆ. ಇವರು ಹಾಗೆಲ್ಲ ನಾಟಕ ಆಡೋರಲ್ಲ. ಆದ್ರೂ ಹೇಳು, ಜೋರಾಗಿ ಊದಿದ್ರೆ ಒಳ್ಳೇದೋ, ಮೆಲ್ಲಗೆ ಊದಿದ್ರೆ ಒಳ್ಳೇದೋ?”

ಇಪ್ಪತ್ತೆರಡು ವರ್ಷದಲ್ಲಿ ಊದಕ್ಕ ಈ ಪ್ರಶ್ನೆಯನ್ನು ಎಷ್ಟು ಬಾಯಲ್ಲಿ ಕೇಳಿದ್ದಳೋ. ಬೇರೆಯವರಾಗಿದ್ದರೆ ಗದರಿ ಕಳಿಸುತ್ತಿದ್ದಳು. ಈ ಹೆಂಗಸು ಕೇಳಿದ ರೀತಿಯಲ್ಲಿ ಕಳ್ಳತನ ಇರಲಿಲ್ಲ, ದಾರಿ ತಪ್ಪಿದವರು ದಾರಿ ಕೇಳಿದ ಹಾಗಿತ್ತು.

“ಬೇಕಂತ ಮೆಲ್ಲಗೆ ಊದಿದವರು ಒಂದೇ ಥರ ಮೂರು ಸಲ ಊದೋಕಾಗಲ್ಲ ಅಮ್ಮ. ಒಂದ್ಸಲ ಇಷ್ಟು, ಒಂದ್ಸಲ ಅಷ್ಟು ಆಗುತ್ತೆ. ಪೂರ್ತಿ ಖಾಲಿ ಮಾಡಿದವರದು ಮಾತ್ರ ತಾನಾಗೇ ಒಂದೇ ಥರ ಬರುತ್ತೆ, ಯಾಕಂದ್ರೆ ಆಮೇಲೆ ಕೊಡೋಕೆ ಏನೂ ಉಳಿದಿರಲ್ಲ. ಯಂತ್ರ ನೋಡೋದು ಅದನ್ನೇ.”

“ಪೂರ್ತಿ ಊದಿ ಅರವತ್ತು ದಾಟಿದ್ರೆ?”

ಊದಕ್ಕನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. “ದಾಟಿದ್ರೆ ದಾಟಿತು ಅಮ್ಮ. ಅದು ನನ್ನ ಕೈಲಿಲ್ಲ” ಅಂದಳು.

ಯಜಮಾನರು ಒಳಗೆ ಬಂದು ಕುರ್ಚಿಯಲ್ಲಿ ಕೂತರು. ಊದಕ್ಕ ಅವರ ಮೂಗಿಗೆ ಕ್ಲಿಪ್ಪು ಹಾಕಿದಳು.

“ಇವಳು ಬಟ್ಟೆ ಒಣಗಿಸೋಕೆ ಇದೇ ಹಾಕ್ತಾಳೆ” ಅಂದರು ಅವರು, ಮೂಗು ಕಟ್ಟಿದ ದನಿಯಲ್ಲಿ.

“ಮಾತು ಬೇಡ, ಉಸಿರು ಉಳಿಸಿಕೊಳ್ಳಿ” ಅಂದರು ಹೆಂಡತಿ.

ಮೊದಲ ಊದು ಐವತ್ತೊಂದಕ್ಕೆ ನಿಂತಿತು. ಹತ್ತು ನಿಮಿಷ ಬಿಟ್ಟು ಇನ್ನೊಂದು. ನಲವತ್ತಾರು. ಯಜಮಾನರ ತುಟಿ ನೀಲಿಗೆ ತಿರುಗಿತು. ಊದಕ್ಕ ಕೊಳವೆ ಕಿತ್ತಿಟ್ಟು ಪರದೆಯ ಮೇಲಿನ ಎರಡೂ ಗೆರೆಗಳನ್ನು ನೋಡುತ್ತ ಕೂತಳು. ಊದುವವನ ಉಸಿರು ಪರದೆಯ ಮೇಲೆ ಗೆರೆಯಾಗಿ ಬೀಳುತ್ತದೆ. ಚೂಪಾಗಿ ಏರಿ, ಆಮೇಲೆ ಇಳಿಜಾರಿನಲ್ಲಿ ಜಾರಿ ನೆಲ ಮುಟ್ಟಬೇಕು, ಮುಟ್ಟದ ಊದು ಲೆಕ್ಕಕ್ಕಿಲ್ಲ. ನಾಟಕ ಆಡುವವರದು ಮೊದಲಿಗೇ ಏರುವುದಿಲ್ಲ, ಗುಡ್ಡ ಇರಬೇಕಾದ ಕಡೆ ದಿಬ್ಬ ಇರುತ್ತದೆ. ಇವರದು ಹಾಗಿರಲಿಲ್ಲ. ಏರುವುದು ಸರಿಯಾಗೇ ಏರುತ್ತಿತ್ತು. ಇಳಿಯುತ್ತ ಇಳಿಯುತ್ತ, ನೆಲ ಇನ್ನೂ ಒಂದು ಗೇಣು ದೂರ ಇರುವಾಗ, ಯಾರೋ ಕತ್ತರಿ ಹಾಕಿದ ಹಾಗೆ ತಟ್ಟನೆ ನಿಲ್ಲುತ್ತಿತ್ತು. ಹಿಂದಿನ ಕಾಗದಗಳನ್ನು ತೆಗೆದು ನೋಡಿದಳು. ಅಲ್ಲೂ ಹಾಗೇ. ಈ ಮನುಷ್ಯ ಊದಲಾರದೆ ನಿಲ್ಲಿಸುತ್ತಿಲ್ಲ. ಯಾವುದೋ ರೂಢಿ ಅವರನ್ನು ನಿಲ್ಲಿಸುತ್ತಿದೆ.

“ಯಜಮಾನ್ರೆ, ಕೊನೇಲಿ ಯಾಕೆ ಬಿಟ್ಟುಬಿಡ್ತೀರಿ? ಇನ್ನೂ ಇತ್ತಲ್ಲ ಒಳಗೆ?”

ಅವರು ಸ್ವಲ್ಪ ಹೊತ್ತು ಉಸಿರು ಹುಡುಕಿಕೊಂಡರು. “ಇರಬೇಕಲ್ಲಮ್ಮ. ಇಳಿದವನು ವಾಪಸ್ ಹತ್ತಬೇಡ್ವಾ? ಒಳಗಡೆ ಗಾಳಿ ಯಾವಾಗ ಕೈಕೊಡುತ್ತೋ ಹೇಳೋಕಾಗಲ್ಲ. ಬರೋ ದಾರಿಗೆ ಅಂತ ಒಂದು ಪಾಲು ಯಾವಾಗ್ಲೂ ಇಟ್ಕೋಬೇಕು. ಮೊದಲನೇ ದಿನ ನಮಗೆ ಕಲಿಸೋದೇ ಅದು.”

“ಗಣಿ ಬಿಟ್ಟು ಎಷ್ಟು ವರ್ಷ ಆಯ್ತು?”

“ಹನ್ನೊಂದು.”

“ಇವರದು ಎಲ್ಲ ಹಾಗೇ ಅಕ್ಕಾ” ಅಂದರು ಹೆಂಡತಿ. “ನಗೋದು ಕೂಡ ಪೂರ್ತಿ ನಗಲ್ಲ. ಎಲ್ಲರೂ ಇನ್ನೂ ಬಿದ್ದು ಬಿದ್ದು ನಗ್ತಿರ್ತಾರೆ, ಇವರದು ನಿಂತೇ ಹೋಗಿರುತ್ತೆ. ಮದುವೆ ಆದ ಹೊಸತರಲ್ಲಿ ನಾನು, ಗಂಡನಿಗೆ ಸಿಟ್ಟು ಬಂತೇನೋ ಅಂತ ಹೆದರ್ತಿದ್ದೆ.”

“ಸಿಟ್ಟೂ ಅರ್ಧಕ್ಕೇ ನಿಲ್ಲುತ್ತೆ” ಅಂದರು ಯಜಮಾನರು.

ಊದಕ್ಕ ನಕ್ಕಳು, ಆದರೆ ಮನಸ್ಸು ಗೆರೆಯ ಮೇಲೇ ಇತ್ತು. ಆ ಕೊನೆಯ ಪಾಲನ್ನು ಇವರ ಕೈಯಿಂದ ಬಿಡಿಸುವುದು ಹೇಗೆ? ಅವಳ ಕೂಗಿಗೆ ಬಿಡುವವರಲ್ಲ ಇವರು. ಕೂಗಿದಷ್ಟೂ ಇನ್ನೂ ಬಿಗಿಯಾಗಿ ಹಿಡಿಯುತ್ತಾರೆ.

“ಇಡೀ ಕೆಲಸದಲ್ಲಿ ಯಾವತ್ತೂ, ಒಂದೇ ಒಂದು ಸಲವೂ, ಪೂರ್ತಿ ಉಸಿರು ಬಿಟ್ಟಿದ್ದೇ ಇಲ್ವಾ ನೀವು?”

ಯಜಮಾನರು ತಲೆ ಅಲ್ಲಾಡಿಸಿದರು. ಆಮೇಲೆ, ಎಲ್ಲೋ ಇಟ್ಟು ಮರೆತ ವಸ್ತು ನೆನಪಾದವರ ಹಾಗೆ, ತಲೆ ಎತ್ತಿದರು.

“ಕುಳಿ ಊದುವಾಗ ಬಿಡ್ತಿದ್ದೆ” ಅಂದರು.

ಕುಳಿ ಕೊರೆದ ಮೇಲೆ ಅದರೊಳಗೆ ಪುಡಿ ಉಳಿದಿರುತ್ತದೆ. ಅದನ್ನು ತೆಗೆಯದೆ ಮದ್ದು ತುಂಬಿದರೆ ಮದ್ದು ತಳಕ್ಕೆ ಕೂರುವುದಿಲ್ಲ. ಸಿಡಿಯಬೇಕಾದಾಗ ಸಿಡಿಯದೆ, ಜನ ಹತ್ತಿರ ಹೋದಾಗ ಸಿಡಿಯುತ್ತದೆ. ದೊಡ್ಡ ಗಣಿಗಳಲ್ಲಿ ಅದಕ್ಕೆ ಗಾಳಿಯಂತ್ರ ಇತ್ತು. ಇವರದು ಸಣ್ಣ ಗಣಿ, ಇವರಿಗೆ ಇದ್ದದ್ದು ತೋಳುದ್ದದ ತಾಮ್ರದ ಕೊಳವೆ ಮತ್ತು ಬಾಯಿ. ಕೊಳವೆಯನ್ನು ಕುಳಿಯೊಳಗೆ ಇಳಿಸಿ, ಕಣ್ಣು ಮುಚ್ಚಿ, ಒಂದು ಕುಳಿಗೆ ಮೂರು ಸಲ ಊದಬೇಕು.

“ಮೂರೇ ಯಾಕೆ?” ಊದಕ್ಕ ಕೇಳಿದಳು.

“ನಮ್ಮ ಮೇಸ್ತ್ರಿ ಇಟ್ಟ ಲೆಕ್ಕ. ಅವನು ಹಿಂದೆ ನಿಂತು ಕಿವಿ ಕೊಟ್ಟು ಕೇಳ್ತಿದ್ದ. ಮೂರೂ ಊದು ಒಂದೇ ಥರ ಸದ್ದು ಮಾಡಿದ್ರೆ ಕುಳಿ ಶುದ್ಧ ಆಯ್ತು ಅಂತ. ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಒಪ್ತಿರಲಿಲ್ಲ, ಮತ್ತೆ ಮೊದಲಿಂದ ಮೂರು. ಅಲ್ಲಿ ಮಾತ್ರ ಉಳಿಸ್ಕೊಂಡು ಊದೋಕಾಗಲ್ಲಮ್ಮ. ನಾನು ಉಳಿಸ್ಕೊಂಡ್ರೆ ಹಿಂದೆ ಬರೋನು ಉಳಿಯಲ್ಲ.”

“ಊದಿದ ಧೂಳು ಎಲ್ಲಿಗೆ ಹೋಗ್ತಿತ್ತು?”

ಅವರಿಗೆ ಆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. “ಕುಳಿಗೆ ಇರೋದು ಒಂದೇ ಬಾಯಿ. ಮುಖಕ್ಕೇ ಬರುತ್ತೆ.”

ಊದಕ್ಕ ಕೇಳಬಾರದು ಅಂದುಕೊಂಡೇ ಕೇಳಿದಳು: “ದಿನಕ್ಕೆ ಎಷ್ಟು ಕುಳಿ?”

“ಇಪ್ಪತ್ತು. ಕೆಲವು ದಿನ ಮೂವತ್ತು.”

ಅವಳು ಮನಸ್ಸಿನಲ್ಲೇ ಗುಣಿಸಲು ಹೊರಟು, ಅರ್ಧದಲ್ಲೇ ಕೈಬಿಟ್ಟಳು. ಎದುರಿಗಿದ್ದ ಈ ಸಣಕಲು ಎದೆಗೂಡು ಮೂವತ್ತೊಂದು ವರ್ಷ ತನ್ನ ಒಂದೊಂದು ಪೂರ್ತಿ ಉಸಿರನ್ನೂ ಬಂಡೆಗೆ ಕೊಟ್ಟು, ಅದರ ಬದಲಿಗೆ ಬಂಡೆಯನ್ನೇ ಒಳಗೆ ತುಂಬಿಕೊಂಡಿತ್ತು. ಹಿಂದಿನ ಸಲ ಕಿಟಕಿಗೆ ಹಿಡಿದಾಗ ಎಕ್ಸ್‌ರೇಯಲ್ಲಿ ಕಂಡಿದ್ದ ಬಿಳಿ ಚುಕ್ಕೆಗಳು, ಹಿಡಿ ಮರಳು ಎರಚಿದ ಹಾಗಿದ್ದ ಚುಕ್ಕೆಗಳು, ಈಗ ಅವಳಿಗೆ ಒಂದೊಂದಾಗಿ ಕಾಣತೊಡಗಿದವು.

“ಹಾಗಾದ್ರೆ ಇವತ್ತು ಒಂದು ಕುಳಿ ಊದಿಬಿಡಿ” ಅಂದಳು.

ಯಜಮಾನರು ರಟ್ಟಿನ ಕೊಳವೆಯನ್ನು ಕೈಯಲ್ಲಿ ತಿರುಗಿಸಿ ನೋಡಿದರು. “ಆಗಲ್ಲಮ್ಮ. ಹೀಗೆ ನಡುಮನೇಲಿ ಕೂತ್ಕೊಂಡು ಹೇಗೆ? ಎಡಗೈ ಬಂಡೆ ಮೇಲಿರಬೇಕು. ಒಳಗಡೆ ಪುಡಿ ಎದ್ದಿದ್ದು ಅಂಗೈಗೆ ಗೊತ್ತಾಗಬೇಕು.”

ಊದಕ್ಕ ಗೋಡೆಗೆ ಅಂಟಿಸಿದ್ದ ನಿಯಮದ ಹಾಳೆಯ ಮುಂದೆ ಹೋಗಿ ನಿಂತಳು. ಅದೂ ಅವಳಿಗೆ ಬಾಯಿಪಾಠವೇ, ಆದರೂ ಬೆರಳಿಟ್ಟು ಓದಿದಳು. ಕುರ್ಚಿಯಲ್ಲಿ ನೆಟ್ಟಗೆ ಕೂರಬೇಕು. ಗದ್ದ ಎತ್ತಿರಬೇಕು. ಪಾದ ನೆಲಕ್ಕೆ ತಾಗಿರಬೇಕು. ಮೂಗಿಗೆ ಕ್ಲಿಪ್ಪು. ಎಡಗೈ ಎಲ್ಲಿರಬೇಕು ಅಂತ ಯಾವ ಪುಣ್ಯಾತ್ಮನೂ ಬರೆದಿರಲಿಲ್ಲ.

ಅವಳು ಯಂತ್ರದ ಮೇಜನ್ನು ದರದರ ಎಳೆದು ಗೋಡೆಯ ಪಕ್ಕಕ್ಕೆ ತಂದಳು. ಕುರ್ಚಿಯನ್ನೂ ತಂದಳು. ಆ ಹಳೇ ಕಟ್ಟಡದ ಗೋಡೆ ಕಲ್ಲಿನದು, ಮೇಲೆ ತೆಳ್ಳಗೆ ಸುಣ್ಣ. ಯಜಮಾನರು ಕೂತು ಎಡ ಅಂಗೈಯನ್ನು ಗೋಡೆಗೆ ಒತ್ತಿದರು. ಸ್ವಲ್ಪ ಮೇಲೆ ಸರಿಸಿದರು, ಸ್ವಲ್ಪ ಕೆಳಗೆ. ಒಂದು ಜಾಗ ಸಿಕ್ಕಿತು. ಅವರ ಭುಜ ಇಳಿಯಿತು, ಕಣ್ಣು ತಾನಾಗಿ ಮುಚ್ಚಿತು. ಹೆಂಡತಿ ಚೀಲವನ್ನು ಎದೆಗೆ ಅವಚಿಕೊಂಡರು.

ಊದಕ್ಕ ವಾಡಿಕೆಯಂತೆ ಕೂಗಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಅವರ ಹಿಂದೆ ಆ ಮೇಸ್ತ್ರಿ ನಿಂತಿದ್ದ ಹಾಗೆ, ತಾನೂ ಒಂದು ಹೆಜ್ಜೆ ಹಿಂದಕ್ಕೆ ನಿಂತು ಕಿವಿ ಕೊಟ್ಟಳು.

ಉಸಿರು ಒಳಗೆ ಹೋಯಿತು. ಹೊರಗೆ ಬಂತು. ಅದು ಆ ಕೋಣೆ ಕೇಳಿದ ಊದುಗಳ ಹಾಗಿರಲಿಲ್ಲ. ಒಡೆಯದ, ನಡುಗದ, ಒಂದೇ ನೂಲಿನಂಥ ಸದ್ದು. ಗೆರೆ ಚೂಪಾಗಿ ಏರಿತು, ಜಾರಿತು, ಕತ್ತರಿ ಬೀಳುತ್ತಿದ್ದ ಜಾಗವನ್ನು ದಾಟಿತು. ದಾಟಿ, ಇನ್ನೂ ಇಳಿದು, ನೆಲ ಮುಟ್ಟಿ, ನೆಲದ ಮೇಲೇ ಸ್ವಲ್ಪ ದೂರ ಹರಿದು ನಿಂತಿತು. ಐವತ್ತೆಂಟು.

ಅರವತ್ತಕ್ಕೆ ಎರಡೇ ಮೆಟ್ಟಿಲು. ಊದಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇವರೀಗ ಪೂರ್ತಿ ಕೊಡಲು ಕಲಿತಿದ್ದಾರೆ, ಕಲಿಸಿದವಳು ತಾನೇ. ಮುಂದಿನ ಊದು ಇನ್ನೂ ಹೆಚ್ಚಾಗಿ ಅರವತ್ತೊಂದಾದರೆ ತಾನೇ ಕೈಯಾರೆ ಇವರ ಫೈಲು ಮುಚ್ಚಿದ ಹಾಗೆ. ಹದಿನೈದು ನಿಮಿಷ ಕಾದಳು. ಯಜಮಾನರು ಗೋಡೆಯಿಂದ ಕೈ ತೆಗೆಯಲೇ ಇಲ್ಲ.

ಎರಡನೆಯದು. ಪರದೆಯ ಮೇಲೆ ಹೊಸ ಗೆರೆ ಏಳುವುದನ್ನು ಅವಳು ಕಾಯುತ್ತಿದ್ದಳು, ಹೊಸ ಗೆರೆ ಕಾಣಲೇ ಇಲ್ಲ. ಯಂತ್ರ ಕೆಟ್ಟಿತೇ ಅಂದುಕೊಂಡಳು. ಬಗ್ಗಿ ನೋಡಿದರೆ ಹಳೇ ಗೆರೆಯೇ ಸ್ವಲ್ಪ ದಪ್ಪವಾಗಿತ್ತು. ಇದು ಅದರ ಮೇಲೇ ನಡೆದು ಹೋಗಿತ್ತು. ಐವತ್ತೆಂಟು.

ಮತ್ತೆ ಹದಿನೈದು ನಿಮಿಷ. ಮೂರನೆಯದು. ಅದೇ ಗೆರೆ, ಐವತ್ತೆಂಟು. ಮೂರರ ನಡುವಿನ ವ್ಯತ್ಯಾಸವನ್ನು ಯಂತ್ರ ಮೂಲೆಯಲ್ಲಿ ತೋರಿಸಿತು. ಮಂಡಳಿ ಒಂದು ಲೋಟ ಗಾಳಿಯಷ್ಟು ಬಿಡುತ್ತದೆ. ಗಟ್ಟಿಮುಟ್ಟಾದ ಹುಡುಗರು ಊದಿದರೂ ಅರ್ಧ ಲೋಟ ಆಚೀಚೆ ಆಗುತ್ತದೆ. ಇಲ್ಲಿ ಇದ್ದದ್ದು ಎರಡು ಚಮಚ.

ಊದಕ್ಕ ಮೇಜಿನ ಅಂಚು ಹಿಡಿದು ನಿಂತಳು. ಯಾರದೋ ಗುಡಿಯೊಳಗೆ ಚಪ್ಪಲಿ ಹಾಕಿಕೊಂಡು ಬಂದುಬಿಟ್ಟೆನೇನೋ ಅನ್ನುವಂಥ ಒಂದು ಅಳುಕು.

“ಏನಾಯ್ತು ಅಕ್ಕಾ?” ಹೆಂಡತಿ ಕೇಳಿದರು. “ಇವರು ಸರಿಯಾಗಿ ಊದಲಿಲ್ವಾ?”

“ಊದಿದ್ರು” ಅಂದಳು ಊದಕ್ಕ. “ಇಷ್ಟು ವರ್ಷದಲ್ಲಿ ಇಲ್ಲಿ ಯಾರೂ ಹೀಗೆ ಊದಿಲ್ಲ.”

ಕಾಗದ ನೋಡಿದ “ಆದರೆ ಡಾಕ್ಟರು” ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕಾಗದ ಕೈಯಲ್ಲಿ ಹಿಡಿದೇ ಉಸಿರಿನ ಕೋಣೆಗೆ ನಡೆದು ಬಂದರು.

“ಇದೇನು, ಒಂದೇ ಊದನ್ನ ಮೂರು ಸಲ ಅಚ್ಚು ಹಾಕಿದ್ದೀರಾ?”

“ಯಂತ್ರದಲ್ಲಿ ಗಂಟೆ ನಿಮಿಷ ಬರೆದಿದೆ ಸಾರ್. ಮೂರು ಬೇರೆ ಬೇರೆ.”

“ಮನುಷ್ಯರು ಹೀಗೆ ಊದಲ್ಲ. ನನ್ನೆದುರಿಗೆ ಇನ್ನೊಂದು ಸಲ ಊದಿಸಿ.”

ಯಜಮಾನರು ಮುಚ್ಚಿದ ಕಣ್ಣು ತೆರೆದರು. “ಒಂದು ಕುಳಿಗೆ ಮೂರೇ ಸಾಹೇಬ್ರೆ. ನಾಲ್ಕನೇದು ಬೇಕಂದ್ರೆ ಹೊಸ ಕುಳಿ ತೋರಿಸಬೇಕು.”

“ಇವರು ಏನು ಹೇಳ್ತಿದ್ದಾರೆ?” ಡಾಕ್ಟರು ಊದಕ್ಕನ ಕಡೆ ತಿರುಗಿದರು. ಊದಕ್ಕ ಕೊಳವೆಯ ಕತೆ ಹೇಳಿದಳು. ತಾಮ್ರದ ಕೊಳವೆ, ಕಿವಿ ಕೊಟ್ಟ ಮೇಸ್ತ್ರಿ, ಒಂದೇ ಬಾಯಿಯ ಕುಳಿ. ಕೇಳುತ್ತ ಕೇಳುತ್ತ ಡಾಕ್ಟರು ಗೋಡೆಯ ಮೇಲಿದ್ದ ಆ ಅಂಗೈಯನ್ನೇ ನೋಡುತ್ತಿದ್ದರು. ಆಮೇಲೆ ತಾವೇ ಒಂದು ಸ್ಟೂಲು ಎಳೆದುಕೊಂಡು ಕೂತರು.

“ಆಗಲಿ. ಇದು ಹೊಸ ಕುಳಿ ಅಂತ ತಿಳ್ಕೊಳ್ಳಿ. ಅವಸರ ಇಲ್ಲ. ನಾನು ಕಾಯ್ತೀನಿ.”

ಅರ್ಧ ಗಂಟೆ ಕಾದರು. ಹೊರಗಿನ ಬೆಂಚಿನಲ್ಲಿ ಕೆಮ್ಮು ಕೇಳುತ್ತಿತ್ತು, ಕೆಳಗೆ ಔಷಧಿ ಕಿಟಕಿಯಲ್ಲಿ ಯಾರೋ ಯಾರನ್ನೋ ಬೈಯುತ್ತಿದ್ದರು. ಯಜಮಾನರು ಅಂಗೈಯನ್ನು ಗೋಡೆಯ ಮೇಲೆ ಒಂದು ಗೇಣು ಪಕ್ಕಕ್ಕೆ ಸರಿಸಿದರು. ಹೊಸ ಕುಳಿಗೆ ಹೊಸ ಜಾಗ. ಹೆಂಡತಿಯ ತುಟಿ ಅಲುಗುತ್ತಿತ್ತು. ಊದಕ್ಕ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಿಗಿ ಹಿಡಿದಿದ್ದಳು. ಅರವತ್ತಕ್ಕೆ ಎರಡೇ ಮೆಟ್ಟಿಲು.

ಊದಿದರು. ಡಾಕ್ಟರು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಾಗಿದ್ದರು. ನಾಲ್ಕನೇ ಗೆರೆ ಮೂರು ಗೆರೆಗಳ ಮೇಲೆ ಏರಿತು, ಮೂರು ಗೆರೆಗಳ ಮೇಲೆ ಇಳಿಯಿತು, ಅವು ನಿಂತಲ್ಲೇ ನಿಂತಿತು.

ಡಾಕ್ಟರು ತುಂಬ ಹೊತ್ತು ಬಾಗಿಯೇ ಇದ್ದರು. ಎದ್ದು ಯಜಮಾನರ ಕಡೆ ತಿರುಗಿದಾಗ ಅವರ ದನಿ ಬೇರೆಯಾಗಿತ್ತು. “ನಿಮ್ಮ ಮೇಸ್ತ್ರಿ ಈಗಲೂ ಇದ್ದಾರಾ?”

“ಇಲ್ಲ ಸಾಹೇಬ್ರೆ. ಅವನಿಗೂ ಇದೇ ಕಾಯಿಲೆ. ಹಿಂದೆ ನಿಂತೋನಿಗೂ ಅದೇ ಧೂಳು ತಾನೇ.”

ಡಾಕ್ಟರು ಫೈಲು ತೆಗೆದು ಅಲ್ಲೇ ಮೇಜಿನ ಮೇಲೆ ಬರೆಯತೊಡಗಿದರು. ಅರ್ಧ ಪುಟ ಬರೆದರು. ಸಹಿ ಹಾಕಿ, ಊದಕ್ಕನ ಕೈಗೆ ಕೊಟ್ಟು ಹೊರಟರು. ಬಾಗಿಲ ಹತ್ತಿರ ನಿಂತು, “ಮೇಜು ಅಲ್ಲೇ ಇರಲಿ, ಗೋಡೆ ಪಕ್ಕ” ಅಂದರು. ಊದಕ್ಕ ಷರಾ ಓದಿದಳು. ಇವತ್ತಿನ ಮೂರೂ ಊದು ತಾಳೆಯಾಗಿವೆ, ನಾಲ್ಕನೆಯದನ್ನು ಖುದ್ದಾಗಿ ನೋಡಿದ್ದೇನೆ, ಪೂರ್ತಿ ಮನಸ್ಸಿಟ್ಟು ಊದಿದ್ದಾರೆ, ಧೂಳಿನ ಮೂಲ ಇಂಥದು, ಅರ್ಜಿ ಒಪ್ಪತಕ್ಕದ್ದು. ಇನ್ನೊಮ್ಮೆ ಮೇಲಿನಿಂದ ಕೆಳಗೆ ಹುಡುಕಿದಳು. “ಆದರೆ” ಅನ್ನುವುದು ಎಲ್ಲೂ ಇರಲಿಲ್ಲ.

“ಆಯ್ತು ಅಮ್ಮ” ಅಂದಳು. “ಆಮ್ಲಜನಕದ ಯಂತ್ರಕ್ಕೆ ಮನೇಲಿ ಜಾಗ ಮಾಡ್ಕೊಳ್ಳಿ.”

ಹೆಂಡತಿ ಗಂಡನ ಮೂಗಿನ ಮೇಲೆ ಇನ್ನೂ ಉಳಿದಿದ್ದ ಕ್ಲಿಪ್ಪನ್ನು ತೆಗೆದರು. ತೆಗೆದು ಮರೆತು ತಮ್ಮ ಚೀಲಕ್ಕೇ ಹಾಕಿಕೊಂಡರು. ಊದಕ್ಕ ನೋಡಿದಳು, ಕೇಳಲಿಲ್ಲ. ಯಜಮಾನರು ಗೋಡೆಯಿಂದ ಕೈ ತೆಗೆದು ಅಂಗೈ ನೋಡಿಕೊಂಡರು. ಸುಣ್ಣ ಹತ್ತಿತ್ತು. ವಾಡಿಕೆಯಂತೆ ಅದನ್ನು ಉಫ್ ಅಂತ ಊದಲು ಹೋದವರು, ಬಿಟ್ಟು, ಬಟ್ಟೆಗೆ ಒರೆಸಿಕೊಂಡರು.

ಅವರಿಬ್ಬರೂ ಮೆಟ್ಟಿಲು ಇಳಿಯುವ ಸದ್ದನ್ನು ಊದಕ್ಕ ಕೇಳುತ್ತ ನಿಂತಳು. ಐದು ಮೆಟ್ಟಿಲು, ನಿಲ್ಲುವುದು. ಮತ್ತೆ ಐದು, ನಿಲ್ಲುವುದು. ಅದರಲ್ಲೂ ಹೆಚ್ಚುಕಮ್ಮಿ ಇರಲಿಲ್ಲ.

ಮುಂದಿನವರನ್ನು ಕರೆಯುವ ಮುಂಚೆ ಅವಳು ಬಾಗಿಲು ಹಾಕಿದಳು. ಹೊಸ ಕೊಳವೆ ಸಿಕ್ಕಿಸಿ, ಪೆಟ್ಟಿಗೆಯಿಂದ ಇನ್ನೊಂದು ಕ್ಲಿಪ್ಪು ತೆಗೆದು, ಅದೇ ಕುರ್ಚಿಯಲ್ಲಿ ಕೂತು, ಎಡಗೈಯನ್ನು ಗೋಡೆಯ ಮೇಲೆ ಅವರು ಇಟ್ಟಿದ್ದ ಜಾಗದಲ್ಲಿ ಇಟ್ಟಳು. ಸುಣ್ಣ ಇನ್ನೂ ಬೆಚ್ಚಗಿತ್ತು. ಲಕ್ಷ ಸಲ ಊದಿಸಿದ ತಾನು ಈ ಕುರ್ಚಿಯಲ್ಲಿ ಒಂದು ದಿನವೂ ಕೂತಿಲ್ಲ ಎಂದು ಆಗ ಅವಳಿಗೆ ಹೊಳೆಯಿತು. ಕಣ್ಣು ಮುಚ್ಚಿ, ಎದೆ ತುಂಬ ಎಳೆದುಕೊಂಡು, ಮೂರು ಸಲ ಊದಿದಳು.

ಧೂಳು ಮುಟ್ಟದ ಎದೆ, ಐವತ್ತೊಂದೇ ವಯಸ್ಸು. ಪರದೆಯ ಮೇಲೆ ಮೂರು ಗೆರೆ ಮೂರು ದಾರಿ ಹಿಡಿದು ಹೋಗಿದ್ದವು.